ಐದು ಎಣಿಸುವ ತನಕ

ಜಹ್ರಾದ ಫ್ಲಾಟುಗಳ ಹಿಂದೆ, ನಡು ಮಧ್ಯಾಹ್ನ,
ರಾತ್ರಿ ಬೇಕಾಗಿದೆ ನನಗೆ, ಒಂದು ಅಂಗೈಯಷ್ಟು.

ಕಾರು ಉಸ್ತಾದ್ ರಿಫ್ಅತ್ ಅವರದು. ಮೂವತ್ತೊಂದು ವರ್ಷ
ಕುವೈತಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ತಂತಾಕ್ಕೆ ಹೊರಟವರು.
ಬೆಲೆ ಒಂಬೈನೂರು ದಿನಾರ್.
"ದೀಪ ತಾನೇ ಹತ್ತುತ್ತದೆ ಸಿಸ್ಟರ್, ತಾನೇ ಆರುತ್ತದೆ."
ಹತ್ತದಿದ್ದರೆ ನಲವತ್ತು ಕಡಿಮೆ, ಅಂದೆ.
ಹಗಲು ಕಂಡ ಬಾವಿಗೆ ರಾತ್ರಿ ಬೀಳುವ ಪೈಕಿ ಅಲ್ಲ ನಾನು.

ಮುಂಗಾಜಿನ ಬುಡದಲ್ಲಿ, ಧೂಳಿನ ನಡುವೆ, ಅದು:
ಕಡಲೆಕಾಳಿನಷ್ಟು ಕರಿ ಗುಬುಟು. ರೆಪ್ಪೆಯಿಲ್ಲ.
ದಿನವಿಡೀ ಸೂರ್ಯನನ್ನೇ ದಿಟ್ಟಿಸುತ್ತ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕತ್ತಲೆಗೆ ಕಾಯುವ ಕೆಲಸ.

ನನ್ನದು ಅದರ ತಿರುವುಮುರುವು.
ಎರಡು ತಾಸಿಗೊಮ್ಮೆ, ಹಾಸಿಗೆಯಿಂದ ಹಾಸಿಗೆಗೆ,
ಹೆಬ್ಬೆರಳಲ್ಲಿ ರೆಪ್ಪೆ ಎತ್ತಿ, ಪೆನ್ ಟಾರ್ಚಿನ ಬೆಳಕು ಬಿಟ್ಟು
ಪಾಪೆ ಕಿರಿದಾಯಿತೇ, ಎಷ್ಟು ಬೇಗ, ಎರಡೂ ಸಮವೇ
ಎಂದು ಬರೆಯುವವಳು.
ಬೆಳಕು ಕೊಟ್ಟು ಕೇಳುವುದು ಗೊತ್ತು.
ಕತ್ತಲೆ ಕೊಟ್ಟು ಕೇಳುವುದು ಇದೇ ಮೊದಲು.

ಸ್ವಿಚ್ಚನ್ನು ಆಟೋಗೆ ತಿರುಗಿಸಿ ಅಂಗೈ ಮುಚ್ಚಿದೆ.
ಉಸ್ತಾದರು ಎಣಿಸಿದರು, ವಾಹಿದ್, ಇತ್ನೇನ್, ತಲಾತಾ,
ಕೊನೇ ಬೆಂಚಿನವನಿಗೂ ಕೇಳುವ ಹಾಗೆ.
ಹತ್ತಾಯಿತು. ಮುಂದೆ ನಿಂತ ಕಾವಲಿನ ತಿಲಕ್ ಬಹಾದೂರ್
ಇಲ್ಲವೆಂದು ಕೈಯಾಡಿಸಿದ.

ನಲವತ್ತು ದಿನಾರ್ ಗೆದ್ದೆ ಎನ್ನುವಷ್ಟರಲ್ಲಿ ಕಂಡಿತು:
ಬೆರಳ ಸಂದಿಗಳು ಕೆಂಪಗೆ ಉರಿಯುತ್ತಿವೆ.
ಅಯ್ಯೋ, ಇದನ್ನು ನಾನೇ ಮರೆಯಬೇಕೆ?
ಬೆರಳ ತುದಿಗೆ ಕ್ಲಿಪ್ಪು ಸಿಕ್ಕಿಸಿ, ಉಗುರಿನಿಂದ ಬೆಳಕು ತೂರಿಸಿ
ಆಮ್ಲಜನಕ ಎಣಿಸುವ ಯಂತ್ರದ ಮುಂದೆ
ಹನ್ನೊಂದು ವರ್ಷ ಕೂತವಳು.
ಮೈ ಅಷ್ಟೇನೂ ಗಟ್ಟಿ ಗೋಡೆಯಲ್ಲ.

ಉಸ್ತಾದರು ಬಗ್ಗಿ ಬೂಟು ಬಿಚ್ಚಿ
ಎಡಗಾಲಿನ ಕರಿ ಕಾಲುಚೀಲ ಕಳಚಿ ಕೊಟ್ಟರು.
"ಬೆಳಿಗ್ಗೆ ತಾನೆ ಒಗೆದದ್ದು."
ನಾಲ್ಕು ಮಡಿಕೆ ಮಾಡಿ ಹೊದಿಸಿದೆ.

ವಾಹಿದ್.
ತಕ್ಷಣ ನಂಬುವುದಿಲ್ಲವಂತೆ ಅದು.
ಸೇತುವೆಯ ನೆರಳೋ, ಪಕ್ಕದ ಲಾರಿಯದೋ,
ನಿಜಕ್ಕೂ ಹೊತ್ತು ಮುಳುಗಿತೋ, ಅಳೆದು ಸುರಿದು ನೋಡುತ್ತದೆ.
ತಲಾತಾ.
ಏಳನೇ ಹಾಸಿಗೆಯ ಎಡಗಣ್ಣಿಗೂ ಹೀಗೇ ಕಾದಿದ್ದೆ ಮೊನ್ನೆ,
ಡಾಕ್ಟರು ಪೆನ್ನು ತೆಗೆದ ಮೇಲೂ ಇನ್ನೊಂದು ಉಸಿರಿನಷ್ಟು.

ಐದಕ್ಕೆ ಒಳಗೆಲ್ಲೋ ಟಿಕ್ ಅಂದಿತು. ಮೀಟರಿನ ಅಂಕಿಗಳು ಮಬ್ಬಾದವು.
ಹತ್ತಿತೇ? ಆ ಬಿಸಿಲಲ್ಲಿ ಹತ್ತಿದ ದೀಪ ಯಾರಿಗೂ ಕಾಣದು.
ತಿಲಕ್ ಬಹಾದೂರ್ ಮಂಡಿಯೂರಿ, ಎರಡು ಕೈ ಮರೆಮಾಡಿ
ದೀಪದೊಳಗೆ ಇಣುಕಿದ, ದಿನವೂ ನಾನು ಇಣುಕುವ ಹಾಗೆ.
ಎಡದ್ದು ನೋಡಿದ. ಬಲದ್ದು ನೋಡಿದ.
"ಎರಡೂ, ದೀದಿ."

ಕಾಲುಚೀಲ ತೆಗೆದರೂ ಸ್ವಲ್ಪ ಹೊತ್ತು ಆರಲಿಲ್ಲ.
ಹಗಲನ್ನೂ ಹಾಗೆಲ್ಲ ನಂಬುವುದಿಲ್ಲ.

ಬೆಟಗೇರಿಯಲ್ಲಿ ಮಗ್ಗದ ಕುಣಿಯಲ್ಲಿ ಕೂತು ಆಯಿ ಅನ್ನುತ್ತಿದ್ದಳು:
ಕೆಂಪೆಳಿ ಯಾವುದು, ಕರಿ ಎಳಿ ಯಾವುದು ತಿಳೀದಾಗ ದೀಪ ಹಚ್ಚವ್ವ.
ಮೊದಲ ಹಚ್ಚಿದರ ಎಣ್ಣಿ ದಂಡ,
ತಡಾ ಮಾಡಿದರ ಸೀರಿ ದಂಡ.
ಉಸ್ತಾದರಿಗೆ ಇದನ್ನು ಹೇಳಹೋಗಿ
ಎಳೆಗೆ ಅರಬ್ಬಿ ಪದ ಸಿಗದೆ
ದುಪಟ್ಟಾದ ಅಂಚಿನಿಂದ ಒಂದು ಕಿತ್ತು ತೋರಿಸಿದೆ.
ಕನ್ನಡಕ ಎತ್ತಿ, ಬಿಸಿಲಿಗೆ ಹಿಡಿದು ನೋಡಿದರು.
ಒಂಬೈನೂರೇ ಕೊಟ್ಟೆ.

ಸಂಜೆ ಆರನೇ ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಫೋನು.
"ಹತ್ತಿತೇ ಸಿಸ್ಟರ್?"
ಐದು ಇಪ್ಪತ್ತೆರಡಕ್ಕೆ ಉಸ್ತಾದ್, ಅಂದೆ,
ಡ್ಯೂಟಿ ಒಪ್ಪಿಸುವ ದನಿಯಲ್ಲಿ.
ಆ ಕಡೆ ಬಾಲ್ಕನಿಯ ಗಾಳಿ. ಲೆಕ್ಕ ಹಾಕುವ ಮೌನ.
"ಹೋದ ವಾರ ಇಪ್ಪತ್ತೊಂಬತ್ತಿತ್ತು. ಸರಿ ಇದೆ."
ಮತ್ತೆ, ತಡೆದು,
"ನನ್ನ ಕಾಲುಚೀಲ ಅಲ್ಲೇ ಉಳಿಯಿತು."